ಕೊಡೆಯಡಿ ಸ್ಪಂಜು ಇರುವ ಅಣಬೆ ತಿನ್ನಬಹುದೇ?

ಪ್ರಶ್ನೆ: ನಮ್ಮೂರು ಕೊಪ್ಪದ ಹತ್ತಿರ. ಈಗ ಇರುವುದು ಮ್ಯೂನಿಕ್‌ನ ದಕ್ಷಿಣಕ್ಕಿರುವ ಒಂದು ಸಣ್ಣ ಊರಿನಲ್ಲಿ. ಸೆಪ್ಟೆಂಬರ್‌ನಲ್ಲಿ ಮಳೆ ಹಿಡಿದು ಬಿಟ್ಟ ಮೇಲೆ ಮನೆ ಹತ್ತಿರದ ಸ್ಪ್ರೂಸ್ ಕಾಡಿನಲ್ಲಿ ಮೂರು ಬಗೆಯ ಅಣಬೆ ಸಿಕ್ಕವು. ಮೂರಕ್ಕೂ ಕೊಡೆಯಡಿ ಹಾಳೆಗಳಿಲ್ಲ, ಸ್ಪಂಜಿನ ಹಾಗಿದೆ. ಮೊದಲನೆಯದಕ್ಕೆ ಕಂದು ಕೊಡೆ, ದಪ್ಪ ಬಿಳಿ ಕಾಲು, ಹಳದಿಗೆ ತಿರುಗುತ್ತಿರುವ ಬಿಳಿ ಸ್ಪಂಜು. ಎರಡನೆಯದೂ ಹೆಚ್ಚುಕಡಿಮೆ ಹಾಗೇ, ಆದರೆ ಸ್ಪಂಜಿಗೆ ತುಸು ಗುಲಾಬಿ ಛಾಯೆ, ಕಾಲಿನ ಮೇಲೆ ಕಂದು ಗೆರೆಗಳ ಬಲೆ. ಮೂರನೆಯದು ಚಿಕ್ಕದು, ಕಡುಕಂದು ಕೊಡೆ; ಹಳದಿ ಸ್ಪಂಜನ್ನು ಒತ್ತಿದರೆ ಬೆರಳಿನ ಗುರುತು ನೀಲಿಯಾಗುತ್ತದೆ. ಮೊಬೈಲ್ ಆ್ಯಪ್ ಮೂರನ್ನೂ ‘ಬೊಲೀಟಸ್ ಎಡುಲಿಸ್, ತಿನ್ನಬಹುದು’ ಎಂದಿತು. ಪಕ್ಕದ ಮನೆಯ ಅಜ್ಜಿ ಮೊದಲನೆಯದಕ್ಕೆ ಮಾತ್ರ ‘ಶ್ಟೈನ್‌ಪಿಲ್ಟ್ಸ್’ ಎಂದು ತಲೆಯಾಡಿಸಿದರು. ನೀಲಿಯಾಗುವುದೆಲ್ಲ ವಿಷ ಅನ್ನುತ್ತಾರೆ ಸಹೋದ್ಯೋಗಿಗಳು. ಹುಳ ತಿಂದಿದ್ದರೆ ನಾವೂ ತಿನ್ನಬಹುದು, ಅನುಮಾನವಿದ್ದರೆ ಅರಿಸಿನ ಹಾಕಿ ಬೇಯಿಸಿ ಬಣ್ಣ ನೋಡು ಅನ್ನುತ್ತಾರೆ ಅಮ್ಮ. ಸದ್ಯಕ್ಕೆ ಮೂರನ್ನೂ ಹೆಚ್ಚಿ ಒಂದೇ ಡಬ್ಬಿಯಲ್ಲಿ ಫ್ರೀಜರ್‌ಗೆ ಹಾಕಿದ್ದೇನೆ. ತಿನ್ನಬಹುದೇ? ಮಗಳಿಗೆ 4 ವರ್ಷ, ಅವಳಿಗೆ ಕೊಡಬಹುದೇ? ಒಣಗಿಸಿಡುವುದು ಹೇಗೆ? ನಮ್ಮ ಮಲೆನಾಡಿನಲ್ಲೂ ಇಂಥ ಸ್ಪಂಜಿನ ಅಣಬೆ ಕಂಡ ನೆನಪಿದೆ, ಅದೂ ಇದೇ ಜಾತಿಯೇ?

ಉತ್ತರ: ಮೊದಲು ಫ್ರೀಜರ್ ವಿಷಯ. ಆ ಡಬ್ಬಿಯನ್ನು ಖಾಲಿ ಮಾಡಿ, ಕಸಕ್ಕೆ ಹಾಕಿ. ನಿಮ್ಮ ವಿವರಣೆ ನೋಡಿದರೆ ಅದರಲ್ಲಿ ಕೊಲ್ಲುವಂಥ ಅಣಬೆ ಇದೆ ಎಂದು ನನಗೆ ಅನ್ನಿಸುವುದಿಲ್ಲ. ಆದರೆ ಮೂರನ್ನೂ ಹೆಚ್ಚಿ ಬೆರೆಸಿದ್ದರಿಂದ ಯಾವ ಚೂರು ಯಾವುದರದ್ದು ಎಂದು ಈಗ ಯಾರಿಗೂ ಹೇಳಲಾಗದು. ಎರಡನೆಯದು ಬಹುತೇಕ ಖಂಡಿತವಾಗಿ ಕಹಿ ಜಾತಿ. ಅದೊಂದು ಸೇರಿದರೂ ಇಡೀ ಬಾಣಲೆ ಬಾಯಿಗಿಡಲಾಗದಷ್ಟು ಕಹಿಯಾಗುತ್ತದೆ, ಹೊಟ್ಟೆಯೂ ಕೆಡಬಹುದು. ಅಣಬೆಯ ಗುರುತು ಇರುವುದು ಕೊಡೆ, ಸ್ಪಂಜು, ಕಾಲು, ಬುಡ ಎಲ್ಲ ಒಟ್ಟಿಗಿದ್ದಾಗ. ಹೆಚ್ಚಿದ ಮೇಲೆ ಉಳಿಯುವುದು ಊಹೆ ಮಾತ್ರ.

ಇನ್ನು ಮನೆಯಿಂದ ಬಂದ ಎರಡು ಪರೀಕ್ಷೆಗಳು. ಹುಳದ ಮಾತು ಅಣಬೆ ತಿನ್ನುವ ಎಲ್ಲ ಕಡೆಯೂ ಇದೆ, ಜರ್ಮನಿಯ ಹಳ್ಳಿಗಳಲ್ಲೂ ಇದೆ. ಆದರೆ ಯುರೋಪಿನ ಅತಿ ಘೋರ ಅಣಬೆಯಾದ ಅಮಾನಿಟಾ ಫ್ಯಾಲಾಯ್ಡಿಸ್ ಅನ್ನು ಗೊಂಡೆಹುಳಗಳು ಆರಾಮವಾಗಿ ಮೇಯುತ್ತವೆ. ಅದರ ಅಮಾಟಾಕ್ಸಿನ್ ಮನುಷ್ಯನ ಪಿತ್ತಜನಕಾಂಗದ ಜೀವಕೋಶಗಳಲ್ಲಿ ಪ್ರೋಟೀನ್ ತಯಾರಿಯನ್ನೇ ನಿಲ್ಲಿಸುತ್ತದೆ. ಗೊಂಡೆಹುಳಕ್ಕೆ ಅದರಿಂದ ಏನೂ ಆಗುವುದಿಲ್ಲ. ಅರಿಸಿನ ಕೆಂಪಾಗುವುದು ಸುಣ್ಣ, ಸೋಡಾದಂಥ ಕ್ಷಾರ ತಗುಲಿದಾಗ. ಬೆಳ್ಳಿ ಚಮಚ ಅದ್ದಿ ನೋಡುವವರೂ ಇದ್ದಾರೆ; ಅದು ಕಪ್ಪಾಗುವುದು ಗಂಧಕದಿಂದ, ಬೇಯಿಸಿದ ಮೊಟ್ಟೆ ತಗುಲಿದರೂ ಕಪ್ಪಾಗುತ್ತದೆ. ಅಣಬೆಯ ವಿಷಗಳಿಗೂ ಇವೆರಡಕ್ಕೂ ಸಂಬಂಧವೇ ಇಲ್ಲ. ಬೆಳ್ಳುಳ್ಳಿ, ಅಕ್ಕಿ ಹಾಕಿ ನೋಡುವುದೂ ಅಷ್ಟೆ. ಚೆನ್ನಾಗಿ ಬೇಯಿಸಿದರೆ ವಿಷ ಹೋಗುತ್ತದೆ ಎನ್ನುವುದು ಕೆಲವು ಅಣಬೆಗಳಿಗೆ ಅನ್ವಯಿಸುತ್ತದೆ. ಅಮಾಟಾಕ್ಸಿನ್ ಮಾತ್ರ ಕುದಿಸಿದರೂ, ಒಣಗಿಸಿದರೂ, ಫ್ರೀಜರ್‌ನಲ್ಲಿಟ್ಟರೂ ಹಾಗೇ ಉಳಿಯುತ್ತದೆ.

ಅಮ್ಮನ ತಿಳಿವಳಿಕೆ ಸುಳ್ಳು ಎಂದು ನಾನು ಹೇಳುತ್ತಿಲ್ಲ. ಮಲೆನಾಡಿನವರು ಹುತ್ತದ ಅಣಬೆಯನ್ನು ನಂಬಿ ಕೀಳುವುದು ಅರಿಸಿನ ಪರೀಕ್ಷೆಯ ಬಲದ ಮೇಲಲ್ಲ. ಎದ್ದ ಜಾಗ, ಎದ್ದ ಕಾಲ, ಕಾಲು ಹುತ್ತದೊಳಕ್ಕೆ ಬೇರಿನಂತೆ ಇಳಿದಿರುವುದು, ಕೊಡೆಯ ನಡುವಿನ ಮೊನೆ, ಇಷ್ಟೆಲ್ಲವನ್ನು ಕಣ್ಣು ಒಟ್ಟಿಗೆ ನೋಡಿರುತ್ತದೆ. ಆ ಕಣ್ಣು ಪಳಗಿರುವುದು ಆ ಮಣ್ಣಿನ ಅಣಬೆಗಳಿಗೆ. ಅದನ್ನೇ ನಂಬಿ ಬೇರೆ ಖಂಡದ ಕಾಡಿಗೆ ಇಳಿದಾಗ ಅಪಾಯ ಶುರುವಾಗುತ್ತದೆ. 2015ರ ಶರತ್ಕಾಲದಲ್ಲಿ ಜರ್ಮನಿಗೆ ಆಗಷ್ಟೇ ಬಂದಿದ್ದ ನಿರಾಶ್ರಿತರಲ್ಲಿ ಹಲವರು ಅಮಾನಿಟಾ ಫ್ಯಾಲಾಯ್ಡಿಸ್ ತಿಂದು ಆಸ್ಪತ್ರೆ ಸೇರಿದರು, ಸಾವೂ ಸಂಭವಿಸಿತು. ತಮ್ಮ ಊರಿನಲ್ಲಿ ತಿನ್ನುತ್ತಿದ್ದ ಬಿಳಿ ಅಣಬೆಯ ಹಾಗೇ ಅದು ಕಂಡಿತ್ತು ಎನ್ನುವುದೇ ಆಗ ಮುಖ್ಯವಾಗಿ ಕೇಳಿಬಂದ ವಿವರಣೆ.

ಹೊಸಬರಿಗೆ ಸ್ಪಂಜಿನ ಅಣಬೆಯಿಂದಲೇ ಶುರುಮಾಡಿ ಎಂದು ಜರ್ಮನಿಯಲ್ಲಿ ಹೇಳುವುದು ಈ ಕಾರಣಕ್ಕೇ. ಅಮಾಟಾಕ್ಸಿನ್ ಇರುವ ಅಣಬೆಗಳಿಗೆಲ್ಲ ಕೊಡೆಯಡಿ ಹಾಳೆಗಳಿರುತ್ತವೆ, ಸ್ಪಂಜು ಇರುವುದಿಲ್ಲ. ಬೊಲೀಟ್ ಗುಂಪಿನಲ್ಲಿ ಸಾವಿರಾರು ಸಣ್ಣ ಕೊಳವೆಗಳು ಒತ್ತೊತ್ತಾಗಿ ನಿಂತು ಸ್ಪಂಜಿನಂತೆ ಕಾಣುತ್ತವೆ. ಹೆಬ್ಬೆರಳಿನಿಂದ ಒತ್ತಿ ಸರಿಸಿದರೆ ಆ ಪದರ ಕೊಡೆಯ ತಿರುಳಿನಿಂದ ಸುಲಭವಾಗಿ ಬಿಟ್ಟುಬರುತ್ತದೆ. ಮರದ ಕಾಂಡಕ್ಕೆ ಅಂಟಿ ಬೆಳೆಯುವ ಗಟ್ಟಿ ಅಣಬೆಗಳಲ್ಲೂ ರಂಧ್ರಗಳಿರುತ್ತವೆ, ಆದರೆ ಅಲ್ಲಿ ಪದರ ಹೀಗೆ ಬಿಡುವುದಿಲ್ಲ. ಬೊಲೀಟ್‌ಗಳಲ್ಲಿ ಕಹಿಯಾದವು, ವಾಂತಿ ಭೇದಿ ತರಿಸುವವು ಇವೆ. ಆದರೆ ಹಾಳೆ ಅಣಬೆಗಳಲ್ಲಿ ತಪ್ಪಿದರೆ ಪ್ರಾಣಕ್ಕೇ ಬರುವಂಥ ಸ್ಥಿತಿ ಇಲ್ಲಿಲ್ಲ.

ಈ ಸಮಾಧಾನ ನಿಲ್ಲುವುದು ಬುಟ್ಟಿಯಲ್ಲಿ ಬೊಲೀಟ್‌ಗಳು ಮಾತ್ರ ಇದ್ದಾಗ. ಅದೇ ಸ್ಪ್ರೂಸ್ ಕಾಡಿನಲ್ಲಿ ಪ್ಯಾಕ್ಸಿಲಸ್ ಇನ್ವೊಲ್ಯೂಟಸ್ ಎಂಬ ಇನ್ನೊಂದು ಕಂದು ಅಣಬೆ ಹೇರಳವಾಗಿ ಏಳುತ್ತದೆ. ಅಂಚು ಒಳಕ್ಕೆ ಸುರುಳಿ ಸುತ್ತಿರುತ್ತದೆ. ಅಡಿಯಲ್ಲಿ ಕಾಲಿನ ಮೇಲಕ್ಕೂ ಇಳಿಯುವ ಮೆತ್ತನೆಯ ಹಾಳೆಗಳು, ಉಜ್ಜಿದರೆ ಕಂದಾಗುತ್ತವೆ. ವಂಶದ ಲೆಕ್ಕದಲ್ಲಿ ಇದು ಬೊಲೀಟ್‌ಗಳಿಗೆ ಹತ್ತಿರದ ನೆಂಟ. ಹಾಳೆಗಳೂ ಸ್ಪಂಜಿನಂತೆಯೇ ಬೆರಳಿಗೆ ಬಿಟ್ಟುಬರುತ್ತವೆ. ಹಿಂದೆ ಜನ ಇದನ್ನು ಬೇಯಿಸಿ ತಿನ್ನುತ್ತಿದ್ದರು. ಮತ್ತೆ ಮತ್ತೆ ತಿಂದ ಕೆಲವರ ದೇಹ ಒಂದು ದಿನ ಇದರ ವಿರುದ್ಧ ತಿರುಗಿಬಿದ್ದು ಕೆಂಪು ರಕ್ತಕಣಗಳನ್ನೇ ಒಡೆಯತೊಡಗುತ್ತದೆ. ಜರ್ಮನಿಯ ಹೆಸರಾಂತ ಅಣಬೆ ತಜ್ಞ ಯೂಲಿಯಸ್ ಶೆಫರ್ 1944ರಲ್ಲಿ ತೀರಿಕೊಂಡದ್ದು ಇದನ್ನು ತಿಂದ ಮೇಲೆಯೇ. ಆದ್ದರಿಂದ ಕಿತ್ತ ಪ್ರತಿಯೊಂದನ್ನೂ ತಿರುವಿ ಅಡಿ ನೋಡಬೇಕು, ಒಂದು ಗುಂಪಿನಲ್ಲಿ ಒಂದನ್ನು ನೋಡಿದರೆ ಸಾಲದು. ಕೊಡೆ ಇನ್ನೂ ಬಿಚ್ಚದ ಮೊಗ್ಗುಗಳನ್ನು ನೆತ್ತಿಯಿಂದ ಬುಡದವರೆಗೆ ಸೀಳಿ ಒಳಗೆ ಹಾಳೆ ಇದೆಯೋ ಕೊಳವೆ ಇದೆಯೋ ನೋಡಿ. ತಿಳಿಯದಿದ್ದರೆ ಅಲ್ಲೇ ಬಿಟ್ಟುಬನ್ನಿ.

ನಿಮ್ಮ ಮೊದಲನೆಯ ಅಣಬೆ

ಪಕ್ಕದ ಮನೆಯ ಅಜ್ಜಿ ಸರಿಯಾಗಿಯೇ ಹೇಳಿರಬೇಕು. ಬೊಲೀಟಸ್ ಎಡುಲಿಸ್, ಇಟಲಿಯವರ ಪೊರ್ಚೀನಿ, ಜರ್ಮನ್ನರ ಶ್ಟೈನ್‌ಪಿಲ್ಟ್ಸ್, ಸ್ಪ್ರೂಸ್ ಕಾಡಿನಲ್ಲಿ ಬೇಸಿಗೆಯ ಕೊನೆಯಿಂದ ಅಕ್ಟೋಬರ್‌ವರೆಗೆ ಸಿಗುತ್ತದೆ. ಮಳೆಯಾದ ವಾರ ಹತ್ತು ದಿನಕ್ಕೆ ಏಳುವುದು ವಾಡಿಕೆ. ಇದನ್ನು ಗುರುತಿಸುವಾಗ ನೋಡುವ ಕ್ರಮ ಹೀಗೆ.

ಮೊದಲು ಕೊಡೆ: 8ರಿಂದ 25 ಸೆಂಟಿಮೀಟರ್ ಅಗಲ, ಚೆನ್ನಾಗಿ ಬೆಂದ ಬನ್ನಿನ ಬಣ್ಣ, ಅಂಚಿಗೆ ಹೋದಂತೆ ತಿಳಿ. ಅಂಚಿನಲ್ಲಿ ಕೂದಲೆಳೆಯಷ್ಟು ಬಿಳಿ ಗೆರೆ ಇರುವುದು ಒಳ್ಳೆಯ ಸೂಚನೆ. ಒದ್ದೆಯಾದಾಗ ತುಸು ಜಿಗುಟು. ಆದರೆ ಕೊಡೆಯ ಬಣ್ಣವನ್ನು ನಂಬಿ ಕೂರಬೇಡಿ. ಬಿಸಿಲು, ಮಳೆ, ಮೇಲೆ ಬಿದ್ದ ಎಲೆ, ಎಲ್ಲವೂ ಅದನ್ನು ಬದಲಿಸುತ್ತವೆ.

ಆಮೇಲೆ ಸ್ಪಂಜು. ಎಳೆಯದರಲ್ಲಿ ಅಚ್ಚ ಬಿಳಿ, ರಂಧ್ರಗಳು ಹತ್ತಿ ತುಂಬಿದಂತೆ ಮುಚ್ಚಿರುತ್ತವೆ. ಬಲಿತಂತೆ ಹಳದಿ, ಕೊನೆಗೆ ಪಾಚಿಹಸಿರು. ಈ ದಾರಿಯಲ್ಲಿ ಗುಲಾಬಿಯೂ ಇಲ್ಲ, ಕೆಂಪೂ ಇಲ್ಲ. ಒತ್ತಿದರೆ ನೀಲಿಯಾಗಬಾರದು.

ಮೂರನೆಯದು ಕಾಲು, ಅದರಲ್ಲೂ ಮೇಲಿನ ಮೂರನೇ ಒಂದು ಭಾಗ. ಅಲ್ಲಿ ತಿಳಿ ಕಂದು ಹಿನ್ನೆಲೆಯ ಮೇಲೆ ಬಿಳಿ ಗೆರೆಗಳ ಸಣ್ಣ ಬಲೆ ಉಬ್ಬಿಕೊಂಡಿರುತ್ತದೆ. ಬೆಳಕನ್ನು ಓರೆಯಾಗಿ ಬಿಟ್ಟು ನೋಡಿದರೆ ಸ್ಪಷ್ಟವಾಗಿ ಕಾಣುತ್ತದೆ. ಕಾಲು ಎಳೆಯದರಲ್ಲಿ ಪೀಪಾಯಿಯಂತೆ ಉಬ್ಬಿರುತ್ತದೆ, ಬೆಳೆದಂತೆ ಉದ್ದವಾಗಿ ಬುಡ ಮಾತ್ರ ದಪ್ಪಗೆ ಉಳಿಯುತ್ತದೆ.

ಕೊನೆಗೆ ಚಾಕುವಿನಿಂದ ಉದ್ದಕ್ಕೆ ಸೀಳಿ ಐದು ನಿಮಿಷ ಬಿಡಿ. ತಿರುಳು ಬಿಳಿಯಾಗಿಯೇ ಉಳಿಯಬೇಕು. ಕೊಡೆಯ ಸಿಪ್ಪೆಯ ಕೆಳಗೆ ಸ್ವಲ್ಪ ದ್ರಾಕ್ಷಾರಸದ ಛಾಯೆ ಇದ್ದರೆ ಅದು ಸಹಜ. ವಾಸನೆ ಹಿತವಾಗಿರಬೇಕು.

ಈ ನಾಲ್ಕೂ ಒಪ್ಪಿದರೆ ಶ್ಟೈನ್‌ಪಿಲ್ಟ್ಸ್. ಮೂರು ಒಪ್ಪಿ ಒಂದು ಒಪ್ಪದಿದ್ದರೆ ಅಲ್ಲ. ಹೊಸಬರು ಎಡವುವುದು ಇಲ್ಲೇ: ಸಿಕ್ಕ ಖುಷಿಯಲ್ಲಿ ಒಪ್ಪುವ ಲಕ್ಷಣಗಳನ್ನು ಎಣಿಸುತ್ತಾರೆ, ಒಪ್ಪದ ಒಂದಕ್ಕೆ ನೆಪ ಹುಡುಕುತ್ತಾರೆ. ‘ತುಸು ಗುಲಾಬಿ ಛಾಯೆ’ ಎಂದು ನೀವು ಬರೆದದ್ದೂ ಅದೇ ಧಾಟಿಯಲ್ಲಿದೆ.

ಇದಕ್ಕೆ ಯುರೋಪಿನಲ್ಲಿ ಮೂವರು ಒಡಹುಟ್ಟುಗಳಿವೆ. ಓಕ್, ಬೀಚ್ ಮರಗಳಡಿ ಬೇಸಿಗೆಯಲ್ಲೇ ಬರುವ ಬೊಲೀಟಸ್ ರೆಟಿಕ್ಯುಲೇಟಸ್, ಕೆಂಗಂದು ಕೊಡೆಯ ಬೊಲೀಟಸ್ ಪೈನೋಫಿಲಸ್, ಬಿಸಿ ಪ್ರದೇಶದ ಕಪ್ಪುಗಂದಿನ ಬೊಲೀಟಸ್ ಏರಿಯಸ್. ನಾಲ್ಕೂ ತಿನ್ನುವಂಥವೇ, ಇವುಗಳಲ್ಲಿ ಒಂದನ್ನು ಇನ್ನೊಂದೆಂದು ತಪ್ಪಾಗಿ ತಿಳಿದರೂ ನಷ್ಟವಿಲ್ಲ.

ಎರಡನೆಯದು: ಅಡುಗೆ ಕೆಡಿಸುವ ಅಣಬೆ

ಗುಲಾಬಿ ಸ್ಪಂಜು ಮತ್ತು ಕಾಲಿನ ಮೇಲೆ ಕಂದು ಬಲೆ, ಈ ಎರಡು ಒಟ್ಟಿಗೆ ಬಂದರೆ ಅದು ಟೈಲೋಪೈಲಸ್ ಫೆಲಿಯಸ್. ಜರ್ಮನ್ ಹೆಸರಿನಲ್ಲೇ ಪಿತ್ತವಿದೆ, ಗಾಲೆನ್‌ರೋರ್ಲಿಂಗ್. ಅದೇ ಹುಳಿಮಣ್ಣಿನ ಸ್ಪ್ರೂಸ್, ಪೈನ್ ಕಾಡು, ಅದೇ ತಿಂಗಳುಗಳು, ಎಷ್ಟೋ ಸಲ ಶ್ಟೈನ್‌ಪಿಲ್ಟ್ಸ್‌ನಿಂದ ಕೆಲವೇ ಮಾರು ದೂರ. ಕಷ್ಟವೇನೆಂದರೆ ಎಳೆಯದರ ಸ್ಪಂಜೂ ಬಿಳಿಯೇ. ಗುಲಾಬಿ ಬರುವುದು ಬೀಜಾಣುಗಳು ಬಲಿತ ಮೇಲೆ. ಹಾಗಾಗಿ ಎಳೆಯ ಅಣಬೆಯಲ್ಲಿ ಕಾಲನ್ನೇ ನೆಚ್ಚಬೇಕು. ಶ್ಟೈನ್‌ಪಿಲ್ಟ್ಸ್‌ನಲ್ಲಿ ಬಲೆ ಹಿನ್ನೆಲೆಗಿಂತ ತಿಳಿ, ಇದರಲ್ಲಿ ಹಿನ್ನೆಲೆಗಿಂತ ಗಾಢ, ಕಣ್ಣುಗಳೂ ದೊಡ್ಡವು.

ಬಲಿತದ್ದಾದರೆ ಬೀಜಾಣು ಅಚ್ಚು ತೆಗೆದು ನೋಡಬಹುದು. ಕೊಡೆಯನ್ನು ಕಾಲಿನಿಂದ ಬೇರ್ಪಡಿಸಿ, ಸ್ಪಂಜು ಕೆಳಗಾಗುವಂತೆ ಬಿಳಿ ಕಾಗದದ ಮೇಲಿಟ್ಟು, ಬಟ್ಟಲು ಕವಿಚಿ ಒಂದು ರಾತ್ರಿ ಬಿಡಿ. ಬೆಳಗ್ಗೆ ಉದುರಿದ ಪುಡಿ ಪಾಚಿಗಂದು ಬಣ್ಣದ್ದಾದರೆ ಬೊಲೀಟಸ್ ಕಡೆಗೆ, ಗುಲಾಬಿಗಂದು ಆದರೆ ಟೈಲೋಪೈಲಸ್ ಕಡೆಗೆ.

ಇನ್ನೊಂದು ಪರೀಕ್ಷೆ ನಾಲಿಗೆಯದು. ಕೊಡೆಯ ತಿರುಳಿನ ಅಕ್ಕಿಕಾಳಿನಷ್ಟು ಚೂರನ್ನು ನಾಲಿಗೆಯ ತುದಿಗೆ ಮುಟ್ಟಿಸಿ, ಕೂಡಲೇ ಉಗುಳಿ ಬಾಯಿ ತೊಳೆಯಬೇಕು. ಟೈಲೋಪೈಲಸ್ ಆದರೆ ಕ್ಷಣದಲ್ಲೇ ಕಹಿ ತಿಳಿಯುತ್ತದೆ. ಆದರೆ ಕಟ್ಟುನಿಟ್ಟಿನ ಷರತ್ತುಗಳಿವೆ: ಅಡಿಯಲ್ಲಿ ಸ್ಪಂಜು ಇದೆ, ಅದು ಕೆಂಪಲ್ಲ ಎಂದು ಖಾತ್ರಿಯಾದ ಮೇಲೆ ಮಾತ್ರ, ಹಾಳೆ ಅಣಬೆಗಳಿಗೆ ಯಾವತ್ತೂ ಬೇಡ, ಮಕ್ಕಳ ಬಾಯಿಗೆ ಬೇಡವೇ ಬೇಡ. ಅಮಾನಿಟಾ ಫ್ಯಾಲಾಯ್ಡಿಸ್ ತಿಂದು ಬದುಕುಳಿದವರು ಅದು ರುಚಿಯಾಗಿತ್ತು ಎಂದೇ ಹೇಳಿದ್ದಾರೆ, ಹಾಗಾಗಿ ರುಚಿಗೂ ವಿಷಕ್ಕೂ ನಂಟಿಲ್ಲ. ಈ ಕಹಿಯೂ ಕೆಲವರ ನಾಲಿಗೆಗೆ ಹತ್ತುವುದಿಲ್ಲ. ಮನೆಯಲ್ಲಿ ಇಬ್ಬರು ನೋಡುವುದು ಒಳ್ಳೆಯದು.

ಮೂರನೆಯದು ಮತ್ತು ನೀಲಿಯ ಭಯ

ಕಡುಕಂದು ಕೊಡೆ, ಒತ್ತಿದರೆ ನೀಲಿಯಾಗುವ ಹಳದಿ ಸ್ಪಂಜು. ಕಾಲಿನ ಮೇಲೆ ಬಲೆ ಇರಲಿಲ್ಲ, ಉದ್ದುದ್ದ ಕಂದು ಎಳೆಗಳು ಮಾತ್ರ ಇದ್ದವು ಎಂದಾದರೆ ಅದು ಇಮ್ಲೇರಿಯಾ ಬೇಡಿಯಾ, ಇಲ್ಲಿಯವರ ಬಾಯಲ್ಲಿ ಮಾರೋನೆ. ತಿನ್ನುವ ಜಾತಿ, ಬೇಕಾದಷ್ಟು ಸಿಗುತ್ತದೆ, ಶ್ಟೈನ್‌ಪಿಲ್ಟ್ಸ್‌ಗಿಂತ ಹುಳವೂ ಕಡಿಮೆ. ಕಾಲಿನ ವಿವರ ನೀವು ಬರೆದಿಲ್ಲ, ಹಾಗಾಗಿ ಖಚಿತವಾಗಿ ಹೇಳಲಾರೆ.

ನೀಲಿ ಬಣ್ಣವೇ ವಿಷವಲ್ಲ. ಹಲವು ಬೊಲೀಟ್‌ಗಳ ತಿರುಳಿನಲ್ಲಿ ವೇರಿಯೆಗ್ಯಾಟಿಕ್ ಆಮ್ಲ, ಝೀರೊಕೋಮಿಕ್ ಆಮ್ಲ ಎಂಬ ಹಳದಿ ಪದಾರ್ಥಗಳಿವೆ. ಕತ್ತರಿಸಿದಾಗ ಗಾಳಿಯ ಆಮ್ಲಜನಕ ತಗುಲಿ, ಅಣಬೆಯದೇ ಕಿಣ್ವಗಳ ನೆರವಿನಿಂದ ಅವು ನೀಲಿಗೆ ತಿರುಗುತ್ತವೆ. ಹೆಚ್ಚಿಟ್ಟ ಬದನೆಕಾಯಿ ಕಪ್ಪಾಗುವ ಹಾಗೆಯೇ. ಬೇಯಿಸಿದರೆ ಆ ನೀಲಿ ಮಾಯವಾಗುತ್ತದೆ.

ಆದರೆ ‘ನೀಲಿ ನಿರಪಾಯ’ ಎನ್ನುವುದನ್ನೂ ನಿಯಮ ಮಾಡಿಕೊಳ್ಳಬೇಡಿ. ರುಬ್ರೊಬೊಲೀಟಸ್ ಸಟಾನಸ್, ಅಂದರೆ ಸೈತಾನ ಬೊಲೀಟ್, ಕತ್ತರಿಸಿದಾಗ ಮೆಲ್ಲಗೆ ತಿಳಿನೀಲಿಯಾಗುತ್ತದೆ. ಸುಣ್ಣ ಬಳಿದಂಥ ಬೂದು ಬಿಳಿ ಕೊಡೆ, ಕೆಂಪು ರಂಧ್ರಗಳು, ಕೆಂಪು ಬಲೆಯ ಉಬ್ಬಿದ ಕಾಲು. ಬಲಿತ ಮೇಲೆ ಹೆಣದ ನಾತ. ಸುಣ್ಣಕಲ್ಲಿನ ಮಣ್ಣಿನ ಬೀಚ್, ಓಕ್ ಕಾಡುಗಳಲ್ಲಿ ಮಾತ್ರ, ಅದೂ ಅಪರೂಪ. ತಿಂದರೆ ಗಂಟೆಗಟ್ಟಲೆ ನಿಲ್ಲದ ವಾಂತಿ. ಇನ್ನೊಂದೆಡೆ ನಿಯೋಬೊಲೀಟಸ್ ಎರಿಥ್ರೋಪಸ್ ಇದೆ: ಕೆಂಪು ರಂಧ್ರ, ಕಾಲಿನ ಮೇಲೆ ಬಲೆಯ ಬದಲು ಕೆಂಪು ಚುಕ್ಕಿಗಳು, ಕತ್ತರಿಸಿದ ಕೂಡಲೇ ಮಸಿಯಂಥ ಕಡುನೀಲಿ. ಹಸಿಯಾಗಿ ವಿಷ, ಪೂರ್ತಿ ಬೇಯಿಸಿದರೆ ತಿನ್ನಬಹುದು, ಬವೇರಿಯಾದ ಹಳಬರು ಇಷ್ಟಪಟ್ಟು ತಿನ್ನುತ್ತಾರೆ. ಚೀನಾದ ಯುನ್ನಾನ್‌ನಲ್ಲಿ ತಿನ್ನುವ ಲನ್ಮಾವೋವಾ ಏಷ್ಯಾಟಿಕಾ ಎಂಬ ನೀಲಿಯಾಗುವ ಬೊಲೀಟ್ ಅರೆಬೆಂದಿದ್ದರೆ ಕಣ್ಣೆದುರು ಪುಟ್ಟ ಪುಟ್ಟ ಮನುಷ್ಯರು ಓಡಾಡಿದಂತೆ ಕಾಣುತ್ತದಂತೆ; ಅಲ್ಲಿನ ಆಸ್ಪತ್ರೆಗಳಿಗೆ ಇದು ಪ್ರತಿ ಮಳೆಗಾಲದ ಮಾಮೂಲಿ.

ಹೊಸಬರಿಗೆ ನನ್ನ ಸಲಹೆ ಸರಳ. ಮೊದಲ ಎರಡು ಮೂರು ವರ್ಷ ರಂಧ್ರಗಳಲ್ಲಿ ಕೆಂಪು ಅಥವಾ ಕಿತ್ತಳೆ ಕಂಡರೆ ಮುಟ್ಟಬೇಡಿ. ನೀಲಿಯಾಗುವವುಗಳಲ್ಲಿ ಮಾರೋನೆ ಒಂದನ್ನು ಮಾತ್ರ ಕಲಿಯಿರಿ. ಇದರಿಂದ ಕೆಲವು ಒಳ್ಳೆಯ ಅಣಬೆಗಳು ತಪ್ಪುತ್ತವೆ, ತಪ್ಪಲಿ.

ಆ್ಯಪ್ ಏಕೆ ಮೂರಕ್ಕೂ ಒಂದೇ ಹೆಸರು ಹೇಳಿತು? ಅದು ನೋಡಿದ್ದು ಮೇಲಿನಿಂದ ತೆಗೆದ ಚಿತ್ರ. ಒತ್ತಿದಾಗಿನ ಬಣ್ಣ, ವಾಸನೆ, ಕಹಿ, ಬಲೆಯ ಉಬ್ಬು ಯಾವುದೂ ಅದಕ್ಕೆ ಸಿಗುವುದಿಲ್ಲ. ಯಾವ ಹೆಸರಿನಿಂದ ಹುಡುಕಬೇಕು ಎಂದು ತಿಳಿಯಲು ಬಳಸಿ; ತಿನ್ನುವ ತೀರ್ಮಾನಕ್ಕೆ ಬೇಡ. ವಾಟ್ಸ್‌ಆ್ಯಪ್‌ನಲ್ಲಿ ಚಿತ್ರ ಕಳಿಸಿ ಪರಿಚಿತರನ್ನು ಕೇಳುವುದಕ್ಕೂ ಇದೇ ಮಾತು. ನನಗೆ ಕಳಿಸಿದರೂ ತಿನ್ನಿ ಎಂದು ಹೇಳುವುದಿಲ್ಲ.

ನಿಮ್ಮ ಎದುರಿಗಿರುವ ದಾರಿಗಳು

ಎಲ್ಲಕ್ಕಿಂತ ಒಳ್ಳೆಯದು ಕಿತ್ತ ಅಣಬೆಯನ್ನು ಇಡಿಯಾಗಿ ಅಣಬೆ ಸಲಹೆಗಾರರ ಹತ್ತಿರ ಒಯ್ಯುವುದು. ಜರ್ಮನ್ ಅಣಬೆಶಾಸ್ತ್ರ ಸಂಘ ಪರೀಕ್ಷೆ ನಡೆಸಿ ಮಾನ್ಯ ಮಾಡಿದ ಸಲಹೆಗಾರರು ದೇಶದುದ್ದಕ್ಕೂ ಇದ್ದಾರೆ, ಊರುವಾರು ಪಟ್ಟಿ ಸಂಘದ ಜಾಲತಾಣದಲ್ಲಿದೆ. ಹೋಗುವಾಗ ಒಂದೊಂದು ಜಾತಿಯಲ್ಲಿ ಎಳೆಯದು ಒಂದು, ಬಲಿತದ್ದು ಒಂದು ಒಯ್ಯಿರಿ. ಬುಡವನ್ನು ಕತ್ತರಿಸಬೇಡಿ, ಮೆಲ್ಲಗೆ ತಿರುಚಿ ಮಣ್ಣಿನಿಂದ ಪೂರ್ತಿ ಎತ್ತಿ. ಬೇರೆ ಬೇರೆ ಕಾಗದದಲ್ಲಿ ಸುತ್ತಿ, ಯಾವ ಮರದಡಿ ಸಿಕ್ಕಿತೆಂದು ಬರೆದಿಡಿ. ಅಲ್ಲಿ ಒಂದು ಸಲ ಕೈಯಲ್ಲಿ ಹಿಡಿದು ಕಲಿತದ್ದು ಹತ್ತು ವಿಡಿಯೊ ನೋಡಿದರೂ ಬರುವುದಿಲ್ಲ.

ಎರಡನೆಯ ದಾರಿ, ತಿಳಿದವರ ಜೊತೆ ಹೋಗುವುದು. ಪಕ್ಕದ ಮನೆಯ ಅಜ್ಜಿಯ ಕಣ್ಣು ಪಳಗಿದ್ದು ಎಂದು ಕಾಣುತ್ತದೆ. ಆದರೆ ಹಳಬರು ಹೆಸರನ್ನು ಹೇಳುತ್ತಾರೆಯೇ ಹೊರತು ಏಕೆಂದು ಬಿಡಿಸಿ ಹೇಳುವುದು ಕಡಿಮೆ. ‘ಇದು ಅದಲ್ಲ ಎಂದು ಹೇಗೆ ಗೊತ್ತಾಯಿತು’ ಎಂದು ಕೇಳುತ್ತ ಹೋಗಿ. ಮೂರನೆಯದು, ಸಂತೆಯಲ್ಲಿ ಅಥವಾ ಅಂಗಡಿಯಲ್ಲಿ ಕೊಳ್ಳುವುದು. ಒಣಗಿದ ಪೊಟ್ಟಣದ ಮೇಲಿನ ಹೆಸರನ್ನೂ ಅಕ್ಷರಶಃ ನಂಬುವಂತಿಲ್ಲ. ಲಂಡನ್ನಿನಲ್ಲಿ ಕೊಂಡ ಒಂದು ಪೊಟ್ಟಣ ಪೊರ್ಚೀನಿಯ ಡಿಎನ್‌ಎ ನೋಡಿದಾಗ ಅಲ್ಲಿಯವರೆಗೆ ವಿಜ್ಞಾನದಲ್ಲಿ ಹೆಸರೇ ಇಲ್ಲದ ಮೂರು ಚೀನೀ ಜಾತಿಗಳು ಸಿಕ್ಕಿದ್ದವು, 2014ರಲ್ಲಿ ಅವಕ್ಕೆ ಹೆಸರಿಟ್ಟರು. ಆ ಮೂರೂ ತಿನ್ನುವಂಥವೇ, ಹೆದರುವ ವಿಷಯವಲ್ಲ.

ಕಾನೂನಿನ ಮಾತೂ ಇದೆ. ಶ್ಟೈನ್‌ಪಿಲ್ಟ್ಸ್ ಜರ್ಮನಿಯಲ್ಲಿ ಸಂರಕ್ಷಿತ ಪಟ್ಟಿಯಲ್ಲಿರುವ ಅಣಬೆ. ಮನೆಬಳಕೆಗೆ ಸ್ವಲ್ಪ ಕೀಳಲು ಅನುಮತಿಯಿದೆ, ಒಬ್ಬರಿಗೆ ದಿನಕ್ಕೆ ಸುಮಾರು ಒಂದು ಕಿಲೊ ಎಂದು ಲೆಕ್ಕ ಹಿಡಿಯುತ್ತಾರೆ. ಮಾರುವಂತಿಲ್ಲ. ಪ್ರಕೃತಿ ಮೀಸಲು ಪ್ರದೇಶಗಳಲ್ಲಿ ಕೀಳುವಂತಿಲ್ಲ.

ಸರಿಯಾದ ಅಣಬೆಯೂ ಕಾಯಿಲೆ ತರುವುದು ಹೇಗೆ

ಕಾಡಣಬೆ ತಿಂದು ಹೊಟ್ಟೆ ಕೆಟ್ಟವರಲ್ಲಿ ಅನೇಕರು ತಿಂದದ್ದು ವಿಷದ ಅಣಬೆಯನ್ನಲ್ಲ, ಕೆಟ್ಟುಹೋದ ಒಳ್ಳೆಯ ಅಣಬೆಯನ್ನು. ಅಣಬೆಯಲ್ಲಿ ನೀರು, ಪ್ರೋಟೀನ್ ಎರಡೂ ಹೆಚ್ಚು. ಮೀನಿನಷ್ಟೇ ಬೇಗ ಹಳಸುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ ಮಧ್ಯಾಹ್ನವಿಡೀ ಕಾರಿನಲ್ಲಿಟ್ಟರೆ ಸಂಜೆಗೆ ಬೆವತು ಕೊಳೆಯಲು ಶುರುವಾಗಿರುತ್ತದೆ. ಬುಟ್ಟಿ ಅಥವಾ ಬಟ್ಟೆಚೀಲ ಒಯ್ಯಿರಿ. ಹೆಬ್ಬೆರಳು ಒತ್ತಿದರೆ ಗುಳಿ ಬಿದ್ದು ಹಾಗೇ ಉಳಿಯುವಷ್ಟು ಮೆತ್ತಗಾದದ್ದು, ಕೊಡೆ ಜೋತುಬಿದ್ದದ್ದು, ನಾಲ್ಕೈದಕ್ಕಿಂತ ಹೆಚ್ಚು ಹುಳುತೂತು ಇರುವುದು ಬೇಡ. ಬಿಳಿ ಬೂಷ್ಟು ಹಿಡಿದದ್ದನ್ನು ಕತ್ತರಿಸಿ ಉಳಿದ ಭಾಗ ತಿನ್ನುವುದೂ ಬೇಡ. ಅದು ಬೊಲೀಟ್‌ಗಳ ಮೇಲೆಯೇ ಬೆಳೆಯುವ ಇನ್ನೊಂದು ಶಿಲೀಂಧ್ರ, ಕೆಲದಿನಗಳಲ್ಲಿ ಬಂಗಾರದ ಹಳದಿಗೆ ತಿರುಗುತ್ತದೆ, ಅದು ವಿಷಕಾರಿ.

ಮನೆಗೆ ತಂದ ದಿನವೇ ಸ್ವಚ್ಛ ಮಾಡಿ. ನೀರಿನಲ್ಲಿ ನೆನೆಹಾಕಬೇಡಿ, ಸ್ಪಂಜು ನೀರು ಕುಡಿದು ಬಾಣಲೆಯಲ್ಲಿ ಲೋಳೆಯಾಗುತ್ತದೆ. ಬ್ರಶ್ ಅಥವಾ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಹಸಿರಾದ ಬಲಿತ ಸ್ಪಂಜನ್ನು ಕಿತ್ತು ಎಸೆಯಿರಿ. ಇಡಲೇಬೇಕಾದರೆ ಕಾಗದದ ಮೇಲೆ ಹರಡಿ ಫ್ರಿಜ್‌ನಲ್ಲಿ ಒಂದು ದಿನ, ಹೆಚ್ಚೆಂದರೆ ಎರಡು.

ಇಟಲಿಯವರು ಎಳೆಯ ಪೊರ್ಚೀನಿಯನ್ನು ಹಸಿಯಾಗಿ ತಿನ್ನುತ್ತಾರೆ, ನೀವು ಅನುಕರಿಸಬೇಡಿ. ಹಸಿ ಅಣಬೆ ಬಹಳ ಜನರ ಹೊಟ್ಟೆಗೆ ಒಗ್ಗುವುದಿಲ್ಲ. ದಕ್ಷಿಣ ಜರ್ಮನಿಯಲ್ಲಿ ನರಿಯ ಲಾಡಿಹುಳದ ಮೊಟ್ಟೆಯ ಭಯವೂ ಇದೆ. ಅಣಬೆಯಿಂದ ಅದು ತಗುಲುವ ಸಂಭವ ಕಡಿಮೆಯೇ, ಆದರೂ ಮನೆಯ ಫ್ರೀಜರ್‌ನ ತಂಪಿಗೆ ಆ ಮೊಟ್ಟೆ ಸಾಯುವುದಿಲ್ಲ, ಬೇಯಿಸಿದರೆ ಸಾಯುತ್ತದೆ. ಅಗಲ ಬಾಣಲೆಯಲ್ಲಿ ಮುಚ್ಚಳವಿಲ್ಲದೆ, ಬಿಟ್ಟ ನೀರೆಲ್ಲ ಆರುವವರೆಗೆ, ಒಟ್ಟು 15ರಿಂದ 20 ನಿಮಿಷ. ಹುತ್ತದ ಅಣಬೆಯ ಸಾರಿನ ಹಾಗೆ ತೆಂಗಿನಕಾಯಿ, ಕೊತ್ತಂಬರಿ ಮಸಾಲೆ ಹೇರಿದರೆ ಶ್ಟೈನ್‌ಪಿಲ್ಟ್ಸ್‌ನ ಪರಿಮಳ ಅಡಗಿಹೋಗುತ್ತದೆ. ಬೆಣ್ಣೆ, ಉಪ್ಪು, ಕಾಳುಮೆಣಸು ಸಾಕು. ಮಸಾಲೆಯಲ್ಲಿ ಹಳಸಿದ ವಾಸನೆಯೂ ಮುಚ್ಚಿಹೋಗುತ್ತದೆ ಎನ್ನುವುದು ಇನ್ನೊಂದು ಕಾರಣ. ಯಾವುದೇ ಜಾತಿಯನ್ನು ಮೊದಲ ಸಲ ತಿನ್ನುವಾಗ ಅದೊಂದನ್ನೇ, 100 ಗ್ರಾಂ ಮೀರದಂತೆ ತಿನ್ನಿ. ಒಂದು ಹಸಿ ಅಣಬೆಯನ್ನು ಇಡಿಯಾಗಿ ಮರುದಿನದವರೆಗೆ ಫ್ರಿಜ್‌ನಲ್ಲಿ ಎತ್ತಿಡಿ.

ಒಣಗಿಸಲು 3ರಿಂದ 5 ಮಿಲಿಮೀಟರ್ ಬಿಲ್ಲೆ ಮಾಡಿ ಒಂದರ ಮೇಲೊಂದು ಬೀಳದಂತೆ ಹರಡಿ. ಓವನ್ 40ರಿಂದ 50 ಡಿಗ್ರಿ, ಬಾಗಿಲ ಸಂದಿಗೆ ಮರದ ಸೌಟು ಸಿಕ್ಕಿಸಿ ಹಬೆ ಹೋಗಲು ಬಿಡಿ. ಶಾಖ ಇನ್ನೂ ಏರಿಸಿದರೆ ಹೊರಗೆ ಗಟ್ಟಿಯಾಗಿ ಒಳಗೆ ಹಸಿ ಉಳಿಯುತ್ತದೆ, ಡಬ್ಬಿಯಲ್ಲಿ ಬೂಷ್ಟು ಬರುವುದು ಅದಕ್ಕೇ. ಬಗ್ಗಿಸಿದರೆ ಹಪ್ಪಳದಂತೆ ಲಟಕ್ಕೆಂದು ಮುರಿಯಬೇಕು. ಹತ್ತು ಕಿಲೊ ಹಸಿ ಅಣಬೆ ಒಂದು ಕಿಲೊ ಒಣ ಅಣಬೆಯಾಗುತ್ತದೆ. ನೆನೆಸಿದ ನೀರನ್ನು ಚೆಲ್ಲಬೇಡಿ, ಮರಳು ಇಳಿಯದಂತೆ ಬಟ್ಟೆಯಲ್ಲಿ ಸೋಸಿ ಅಡುಗೆಗೆ ಹಾಕಿ.

ಮಗಳ ವಿಷಯಕ್ಕೆ ಬಂದರೆ, ಬೇಡ. ಕಾಡಣಬೆಗಳು ಮಣ್ಣಿನಿಂದ ಕ್ಯಾಡ್ಮಿಯಂ, ಪಾದರಸವನ್ನು ಎಳೆದು ಕೂಡಿಟ್ಟುಕೊಳ್ಳುತ್ತವೆ. ಇದರ ಜೊತೆಗೆ 1986ರ ಚೆರ್ನೋಬಿಲ್ ಅಣುಸ್ಥಾವರ ದುರಂತದಲ್ಲಿ ಮಳೆಯೊಂದಿಗೆ ಬಿದ್ದ ಸೀಸಿಯಂ-137 ಎಂಬ ವಿಕಿರಣಶೀಲ ಪದಾರ್ಥ ದಕ್ಷಿಣ ಬವೇರಿಯಾದ ಕಾಡಿನ ಮೇಲ್ಮಣ್ಣಿನಲ್ಲಿ ಇನ್ನೂ ಇದೆ. ಅದರ ಅರ್ಧಾಯುಷ್ಯ ಸುಮಾರು 30 ವರ್ಷ. ಅದನ್ನು ಹೆಚ್ಚು ಹೀರುವವುಗಳಲ್ಲಿ ನಿಮ್ಮ ಮೂರನೆಯ ಅಣಬೆ ಆಗಿರಬಹುದಾದ ಮಾರೋನೆ ಒಂದು, ಶ್ಟೈನ್‌ಪಿಲ್ಟ್ಸ್ ಅದಕ್ಕಿಂತ ಕಡಿಮೆ. ಅಂಗಡಿಯಲ್ಲಿ ಮಾರುವ ಕಾಡಣಬೆಗೆ ಕಿಲೊಗೆ 600 ಬೆಕೆರೆಲ್ (ವಿಕಿರಣ ಅಳೆಯುವ ಮಾನ) ಮಿತಿಯಿದೆ, ಸ್ವಂತ ಕಿತ್ತದ್ದಕ್ಕೆ ಆ ತಪಾಸಣೆ ಇಲ್ಲ. ದೊಡ್ಡವರು ವಾರಕ್ಕೆ 200ರಿಂದ 250 ಗ್ರಾಂ ಒಳಗಿದ್ದರೆ ಚಿಂತೆಯಿಲ್ಲ. ಚಿಕ್ಕ ಮಕ್ಕಳು, ಬಸುರಿಯರು, ಹಾಲೂಡುವ ತಾಯಂದಿರು ಬಿಡುವುದೇ ಒಳ್ಳೆಯದು. ಮಗುವಿಗೆ ಆಸೆಯಾದರೆ ಅಂಗಡಿಯ ಬಟನ್ ಅಣಬೆ ಬೇಯಿಸಿ ಕೊಡಿ.

ತಿಂದ ಮೇಲೆ ಏನಾದರೂ ಆದರೆ ಗಡಿಯಾರ ನೋಡಿ. ಬೊಲೀಟ್‌ಗಳ ತೊಂದರೆ ಸಾಮಾನ್ಯವಾಗಿ ಅರ್ಧ ಗಂಟೆಯಿಂದ ನಾಲ್ಕು ಗಂಟೆಯೊಳಗೆ ಕಾಣಿಸುತ್ತದೆ. ಆರು ಗಂಟೆ ಕಳೆದ ಮೇಲೆ ವಾಂತಿ ಭೇದಿ ಶುರುವಾದರೆ ಬುಟ್ಟಿಗೆ ಬೇರೇನೋ ಸೇರಿತ್ತು ಎಂದೇ ತಿಳಿದು ಆಸ್ಪತ್ರೆಗೆ ಧಾವಿಸಬೇಕು. ಅಮಾಟಾಕ್ಸಿನ್‌ನಲ್ಲಿ ಮಧ್ಯೆ ಒಂದು ದಿನ ಎಲ್ಲ ಸರಿಹೋದಂತೆ ಅನ್ನಿಸುತ್ತದೆ, ಒಳಗೆ ಪಿತ್ತಜನಕಾಂಗ ಸಾಯುತ್ತಿರುತ್ತದೆ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು, ಹಾಲು ಕುಡಿಸುವುದು ಬೇಡ. ಎತ್ತಿಟ್ಟ ಹಸಿ ಅಣಬೆ, ಸಿಪ್ಪೆ, ಉಳಿದ ಅಡುಗೆ, ವಾಂತಿ ಎಲ್ಲವನ್ನೂ ಒಯ್ಯಿರಿ. ಸಲಹೆಗಾರರು ಸೂಕ್ಷ್ಮದರ್ಶಕದಲ್ಲಿ ಬೀಜಾಣು ನೋಡಿ ಜಾತಿ ಹೇಳಬಲ್ಲರು. ಮ್ಯೂನಿಕ್‌ನ ವಿಷ ಸಹಾಯವಾಣಿ 089-19240, ಹಗಲು ರಾತ್ರಿ ಎತ್ತುತ್ತಾರೆ. ಪ್ರಜ್ಞೆ ತಪ್ಪಿದರೆ ನೇರ ತುರ್ತು ಸಂಖ್ಯೆ 112.

ಇನ್ನು ಮಲೆನಾಡಿನ ಪ್ರಶ್ನೆ. ನೀವು ಕಂಡದ್ದು ಬೊಲೀಟ್ ಆಗಿರಬಹುದು, ಬೊಲೀಟಸ್ ಎಡುಲಿಸ್ ಆಗಿರಲಾರದು. ಈ ಅಣಬೆ ಒಂಟಿಯಾಗಿ ಬದುಕುವುದಿಲ್ಲ. ಅದರ ಎಳೆಗಳು ಮರದ ಬೇರಿನ ತುದಿಗೆ ಕವಚ ಹೊದಿಸಿ, ಮರಕ್ಕೆ ನೀರು ಮತ್ತು ಖನಿಜ ಕೊಟ್ಟು ಸಕ್ಕರೆ ಪಡೆಯುತ್ತವೆ. ಸ್ಪ್ರೂಸ್, ಪೈನ್, ಓಕ್, ಬೀಚ್‌ಗಳಂಥ ಜೊತೆಗಾರ ಮರ ಬೇಕೇ ಬೇಕು. ಇಷ್ಟು ಬೆಲೆಬಾಳುವ ಅಣಬೆಯನ್ನು ಬಟನ್ ಅಣಬೆಯಂತೆ ಶೆಡ್ಡಿನಲ್ಲಿ ಬೆಳೆಯದಿರುವುದೂ ಅದಕ್ಕೇ. ಪಶ್ಚಿಮ ಘಟ್ಟದಲ್ಲಿ ಆ ಪಾತ್ರವನ್ನು ಧೂಪದ ಮರ, ಹೈಗದಂಥ ಮರಗಳು ವಹಿಸುತ್ತವೆ. ಅವುಗಳ ಅಡಿಯಲ್ಲಿ ಮಳೆಗಾಲದಲ್ಲಿ ಬೇರೆಯೇ ಬೊಲೀಟ್‌ಗಳು ಏಳುತ್ತವೆ, ಇನ್ನೂ ಹೆಸರಿಡಬೇಕಾದವೂ ಅವುಗಳಲ್ಲಿವೆ. ಮೇಲೆ ಹೇಳಿದ ಬಲೆ, ಗುಲಾಬಿ, ನೀಲಿಯ ಲೆಕ್ಕ ಯುರೋಪಿನ ಜಾತಿಗಳಿಗೆ ಮಾಡಿದ್ದು, ಅಲ್ಲಿ ನಡೆಯುವುದಿಲ್ಲ. ಮುಂದಿನ ಮಳೆಗಾಲಕ್ಕೆ ಊರಿಗೆ ಹೋದಾಗ ಸ್ಪಂಜಿನ ಅಣಬೆ ಕಂಡರೆ ಅಡಿ, ಕಾಲು, ಸೀಳಿದ ತಿರುಳು, ಪಕ್ಕದ ಮರದ ಎಲೆ ಎಲ್ಲದರ ಚಿತ್ರ ತೆಗೆಯಿರಿ. ಊರಿನ ಹಿರಿಯರು ತಲೆಮಾರಿನಿಂದ ತಿನ್ನುತ್ತ ಬಂದ ಜಾತಿ ಅದು ಎಂದು ಅವರೇ ಕೈಯಲ್ಲಿ ಹಿಡಿದು ಹೇಳದ ಹೊರತು ಅಡುಗೆಮನೆಗೆ ಮಾತ್ರ ತರಬೇಡಿ.